ನವಜಾತ ಶಿಶುಗಳಿಗೆ ಕೃತಕ ಉಸಿರಾಟ: ರಾಯಚೂರು ಜಿಲ್ಲೆಯ ಗ್ರಾಮೀಣ ಕುಟುಂಬಗಳಿಗೆ ಮಾಹಿತಿ

2020ರ ಕೋವಿಡ್ ಪಿಡುಗಿನ ನಂತರ ವೆಂಟಿಲೇಟರ್ ಎಂಬ ಪದವು ಗ್ರಾಮೀಣ ಜನತೆಗೂ ಪರಿಚಿತವಾಗಿದೆ. ಆದರೆ ವಯಸ್ಕರಿಗಾಗಿ ರೂಪಿಸಿದ ಎಲ್ಲ ಯಂತ್ರಗಳೂ ನವಜಾತ ಶಿಶುವಿಗೆ ಯೋಗ್ಯವಲ್ಲ. ಒಂದೂವರೆ ಕಿಲೋ ತೂಕದ ಶಿಶುವಿಗೆ ಪ್ರತಿ ಉಸಿರಿನಲ್ಲಿ ಬೇಕಾಗುವ ಗಾಳಿ ಸುಮಾರು 6ರಿಂದ 9 ಮಿಲಿಲೀಟರ್, ಅಂದರೆ ಎರಡು ಟೀ ಚಮಚಕ್ಕಿಂತಲೂ ಕಡಿಮೆ. ಮಿತಿ ಮೀರಿದಲ್ಲಿ ಎಳೆಯ ಶ್ವಾಸಕೋಶಕ್ಕೆ ಹಾನಿಯಾಗುತ್ತದೆ. ಆದ್ದರಿಂದ ಯಂತ್ರದಷ್ಟೇ, ಹಗಲಿರುಳು ನಿಗಾ ವಹಿಸುವ ತರಬೇತಾದ ಶುಶ್ರೂಷಕರೂ ಅವಶ್ಯ.

ಕಾರಣ ಮತ್ತು ಚಿಕಿತ್ಸೆ:
34 ವಾರಗಳಿಗೆ ಮೊದಲು ಜನಿಸಿದ ಶಿಶುಗಳಲ್ಲಿ ಶ್ವಾಸಕೋಶವನ್ನು ಅರಳಿಸಿಡುವ ಸರ್ಫ್ಯಾಕ್ಟಂಟ್ ದ್ರವ್ಯದ ಕೊರತೆ ಇರಬಹುದು. ಇಂತಹ ಶಿಶುಗಳಿಗೆ ಮೂಗಿನ ಮೂಲಕ ನಿರಂತರ ಒತ್ತಡದಲ್ಲಿ ಗಾಳಿ ನೀಡುವ ಸಿಪ್ಯಾಪ್ ಸಾಧನವನ್ನು ಮೊದಲು ಬಳಸಲಾಗುತ್ತದೆ. ಅದು ಸಾಲದಿದ್ದಲ್ಲಿ ವೆಂಟಿಲೇಟರ್ ಅಳವಡಿಸಲಾಗುತ್ತದೆ.

ದೂರದ ಸಮಸ್ಯೆ:
2018ರಲ್ಲಿ ಕೇಂದ್ರ ಸರ್ಕಾರವು ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಗುರುತಿಸಿದ ರಾಜ್ಯದ ಎರಡು ಜಿಲ್ಲೆಗಳಲ್ಲಿ ರಾಯಚೂರು ಒಂದು. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ರಿಮ್ಸ್) ಜಿಲ್ಲಾ ಕೇಂದ್ರದಲ್ಲಿದೆ. ಕಲ್ಮಲ, ಮಾನ್ವಿ, ದೇವದುರ್ಗ ಭಾಗದ ಶಿಶುವು ನಗರ ತಲುಪುವಷ್ಟರಲ್ಲಿ ಮೈ ತಣ್ಣಗಾದರೆ ಅದರ ಆಮ್ಲಜನಕದ ಅಗತ್ಯ ಹೆಚ್ಚಿ ಉಸಿರಾಟ ಮತ್ತಷ್ಟು ಕಷ್ಟವಾಗುತ್ತದೆ. ಆದಕಾರಣ ಅವಧಿಪೂರ್ವ ಹೆರಿಗೆಯ ಲಕ್ಷಣ ಕಂಡೊಡನೆ, ಹೆರಿಗೆಗೆ ಮುನ್ನವೇ ಗರ್ಭಿಣಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದೇ ಸುರಕ್ಷಿತ. ಗರ್ಭಿಣಿಗೆ 24ರಿಂದ 34 ವಾರಗಳ ನಡುವೆ ನೀಡುವ ಡೆಕ್ಸಾಮೆಥಸೋನ್ ಚುಚ್ಚುಮದ್ದು ಶಿಶುವಿನ ಶ್ವಾಸಕೋಶವನ್ನು ಬಲಪಡಿಸುತ್ತದೆ. ಹಲವು ಶಿಶುಗಳಿಗೆ ವೆಂಟಿಲೇಟರಿನ ಅಗತ್ಯವೇ ಬೀಳುವುದಿಲ್ಲ.

ನಾಗರಿಕರಿಗೆ ದೊರೆಯುವ ಸೌಲಭ್ಯಗಳು:
1. 2008ರಿಂದ ಜಾರಿಯಲ್ಲಿರುವ 108 ಆಂಬುಲೆನ್ಸ್ ಸೇವೆ ಉಚಿತ.
2. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ಶಿಶುವಿಗೆ ಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ ಹಾಗೂ ಸಾಗಾಣಿಕೆಗೆ ಶುಲ್ಕವಿರುವುದಿಲ್ಲ.
3. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ನೆರವು ಲಭ್ಯ. ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯೋಜನೆಯಲ್ಲಿ ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ಬೇಕಿಲ್ಲ. ತಂದೆ-ತಾಯಿಯ ಆಧಾರ್ ಹಾಗೂ ಪಡಿತರ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು.

ಬಿಡುಗಡೆಯ ನಂತರ:
ಅವಧಿಪೂರ್ವ ಶಿಶುಗಳಲ್ಲಿ ಕಣ್ಣಿನ ಅಕ್ಷಿಪಟಲ ಹಾನಿಗೀಡಾಗುವ ಸಂಭವವಿದೆ. 34 ವಾರಕ್ಕೆ ಮೊದಲು ಜನಿಸಿದ ಅಥವಾ 2 ಕಿಲೋಗಿಂತ ಕಡಿಮೆ ತೂಕವಿದ್ದ ಶಿಶುವಿಗೆ ಜನಿಸಿದ 30 ದಿನಗಳೊಳಗೆ ಕಣ್ಣಿನ ತಪಾಸಣೆ ತಪ್ಪದೆ ಮಾಡಿಸತಕ್ಕದ್ದು. ಉಸಿರು ಉಳಿದ ಮಗುವಿಗೆ ದೃಷ್ಟಿಯೂ ಉಳಿಯಬೇಕು.