ಹಲ್ಲು ಸವೆದ ಜೀಪು, ಫೋನಿನಲ್ಲಿ ತೀರ್ಪು

ಮೊನ್ನೆ ಭಾನುವಾರ ಬೆಳಿಗ್ಗೆ ಊರಿಂದ ಅಣ್ಣನ ಫೋನು. "ಜೀಪಿನ ಹಿಂದಿನ ಹೌಸಿಂಗ್ ಕೂಗ್ತಾ ಇದೆ. ಕ್ರೌನ್-ಪಿನಿಯನ್ ಸವೆದಿದೆಯಂತೆ. ಹೊಸತು ಹಾಕ್ಸೋದಾ, ಮಾರೋದಾ?" ನಾನು ಸೀವುಡ್ಸಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದೆ. ಅರೆ ನಿಮಿಷವೂ ಯೋಚಿಸದೆ, "ಗುಜರಿಗೆ ಹಾಕ್ಬಿಡು ಅಣ್ಣಾ, ಇನ್ನೂ ಎಷ್ಟು ದಿನ ಅಂತ ಎಳೀತೀಯ?" ಎಂದುಬಿಟ್ಟೆ.

ಆ ಕಡೆ ಮೌನ. ಆಮೇಲೆ ಅತ್ತಿಗೆ ಫೋನು ತೆಗೆದುಕೊಂಡರು. "ನೀನು ಕೆಳಗಿಳಿದ್ರೆ ರಿಕ್ಷಾ, ನಾಲ್ಕು ಹೆಜ್ಜೆ ಹಾಕಿದ್ರೆ ರೈಲು. ನಾವು ಏನು ಹತ್ತಬೇಕು ಮಾರಾಯ?"

ಚಹಾ ಅಲ್ಲೇ ತಣ್ಣಗಾಯಿತು. ಈ ಬರಹ ಮೊದಲು ನನ್ನ ಮೇಲಿನ ಸಿಟ್ಟು. ಆಮೇಲೆ ನನ್ನಂಥವರೆಲ್ಲರ ಮೇಲಿನದ್ದು.

ನಮ್ಮ ಮನೆ ಇರುವುದು ಕಳಸದಿಂದ ಆಚೆ, ಟಾರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರು ಮಣ್ಣಿನ ಏರಿನಲ್ಲಿ. ಜೂನ್ ಬಂತೆಂದರೆ ಆಟೋದವರು ಕೆಳಗೇ ನಿಂತು ಕೈ ಮುಗಿಯುತ್ತಾರೆ. ಗೊಬ್ಬರದ ಮೂಟೆ, ಅಡಿಕೆ ಚೀಲ, ಗ್ಯಾಸ್ ಸಿಲಿಂಡರು, ಜ್ವರ ಬಂದ ಮಗು, ಎಲ್ಲವೂ ಏರುವುದು ಇಳಿಯುವುದು ಆ ಜೀಪಿನಲ್ಲೇ. ಅಪ್ಪನನ್ನು ಕೊನೆಯ ಸಲ ಆಸ್ಪತ್ರೆಗೆ ಇಳಿಸಿದ್ದೂ ಅದರಲ್ಲೇ. 1980ರ ದಶಕದ ಮಹೀಂದ್ರ ಜೀಪು. ತಮಾಷೆ ನೋಡಿ, ನಮ್ಮ ದೇಶದಲ್ಲಿ ಮಹೀಂದ್ರದವರು 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ್ದು ಇದೇ ಮುಂಬಯಿಯಲ್ಲಿ. ಜೀಪು ಮುಂಬಯಿಯಿಂದ ಮಲೆನಾಡಿಗೆ ಹೋಯಿತು, ನಾವು ಮಲೆನಾಡಿನಿಂದ ಮುಂಬಯಿಗೆ ಬಂದೆವು. ಹೋದದ್ದು ಅಲ್ಲಿ ಕೆಲಸಕ್ಕೆ ಬರುತ್ತಿದೆ. ಬಂದವರ ಮಾತು ಬಿಡಿ.

ಈಗ ಗುಜರಿ ಪಕ್ಷದವರ ವಾದ ಕೇಳಿ. ನಮ್ಮ ಸೊಸೈಟಿಯಲ್ಲಿ ಆ ಪಕ್ಷಕ್ಕೇ ಬಹುಮತ. ಐದು ವರ್ಷಕ್ಕೊಂದು ಕಾರು ಬದಲಿಸುವವರು. "ಮಾರಿದರೆ ಮೂರು ಕಾಸು ಬಾರದ ಗಾಡಿಗೆ ಇಪ್ಪತ್ತು ಸಾವಿರ ಯಾಕೆ ಸುರೀತೀರಿ?" ಅಂತ ಲಿಫ್ಟಿನಲ್ಲಿ ಒಬ್ಬರು ಕೇಳಿದರು. ಸ್ವಾಮೀ, ಮಾರುವವನಿಗೆ ಮಾರುವ ಬೆಲೆ ಮುಖ್ಯ. ಓಡಿಸುವವನಿಗೆ ಅದಿಲ್ಲದಿದ್ದರೆ ಏನು ಕೊಳ್ಳಬೇಕಾಗುತ್ತದೆ ಎಂಬುದು ಮುಖ್ಯ. ಹೊಸ ಥಾರ್ ಷೋರೂಮಿನಲ್ಲೇ ಹತ್ತು ಲಕ್ಷದ ಆಸುಪಾಸಿನಿಂದ ಶುರು, ನಾಲ್ಕೂ ಚಕ್ರ ಎಳೆಯುವುದು ಬೇಕೆಂದರೆ ಇನ್ನೂ ಮೇಲೆ. ಅಣ್ಣನಿಗೆ ಹೇಳಿದ ರಿಪೇರಿ ಲೆಕ್ಕ, ಕ್ರೌನ್-ಪಿನಿಯನ್ ಜೋಡಿ, ಬೇರಿಂಗು, ಸೀಲು, ಕೂಲಿ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. ಆ ಹತ್ತು ಲಕ್ಷ ಯಾರು ಕೊಡುತ್ತಾರೆ, ಲಿಫ್ಟಿನವರೋ?

"ಸರ್ಕಾರವೇ ಹಳೇ ಗಾಡಿ ಬೇಡ ಅನ್ನುತ್ತಿದೆಯಲ್ಲ" ಎನ್ನುತ್ತಾರೆ. ಅರ್ಧ ನಿಜ. 2021ರಲ್ಲಿ ಗುಜರಿ ನೀತಿ ಬಂತು. 2022ರ ಏಪ್ರಿಲ್‌ನಿಂದ ಹಳೇ ಕಾರು-ಜೀಪುಗಳ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಆಯಿತು. ಇದೂ ಖರ್ಚೇ, ಲೆಕ್ಕಕ್ಕೆ ಹಿಡಿಯಬೇಕು. ಆದರೆ ದೆಹಲಿ ಸುತ್ತಮುತ್ತಲಿನ ಮಾತು ಬಿಟ್ಟರೆ, ಖಾಸಗಿ ಗಾಡಿಗೆ ಬರೀ ವಯಸ್ಸಿಗಾಗಿ ಮರಣದಂಡನೆ ಇಲ್ಲ. ತಪಾಸಣೆಯಲ್ಲಿ ಪಾಸಾದರೆ ಓಡಬಹುದು. ಹಾಗೆಂದು ಹಳೇ ಡೀಸೆಲ್ ಹೊಗೆಯನ್ನು ನಾನು ಹೊಗಳುತ್ತಿಲ್ಲ. ಆ ಜೀಪನ್ನು ತಂದು ಪಾಮ್ ಬೀಚ್ ರಸ್ತೆಯಲ್ಲಿ ಶೋಕಿಗೆ ಓಡಿಸಿದರೆ ನನಗೆ ನಾಲ್ಕು ಬಿಡಿ. ಛಾಸಿಗೆ ತುಕ್ಕು ತಿಂದು ಬಿರುಕು ಬಿಟ್ಟಿದ್ದರೆ, ಎಂಜಿನ್ನೂ ಕೈಕೊಟ್ಟಿದ್ದರೆ, ಗುಜರಿಯೇ ಸರಿ. ನಮ್ಮದರಲ್ಲಿ ಅವೆರಡೂ ಗಟ್ಟಿ ಇವೆ. ಸವೆದದ್ದು ಹಲ್ಲು ಮಾತ್ರ. ಹಲ್ಲು ಹೋಯಿತೆಂದು ಮನುಷ್ಯನನ್ನು ಸುಡುತ್ತಾರೆಯೇ?

ಇನ್ನು ಎರಡನೇ ಪಕ್ಷ, ತೇಪೆ ಪಕ್ಷ. ಇವರು ಗುಜರಿಯವರಿಗಿಂತ ಅಪಾಯ, ಯಾಕೆಂದರೆ ಇವರ ಮಾತು ಅಗ್ಗ. ಅಣ್ಣನಿಗೆ ಸಿಕ್ಕ ಸಲಹೆ ಮೂರು.

ಒಂದು, "ದಪ್ಪ ಆಯಿಲ್ ಹಾಕಿ, ಸ್ವಲ್ಪ ಮರದ ಪುಡಿ ಬೆರೆಸಿ, ಸದ್ದು ನಿಲ್ಲುತ್ತೆ." ಸದ್ದೇನೋ ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ಇದು ಗಾಡಿ ಮಾರುವವರು ಕೊಳ್ಳುವವರ ಕಿವಿಗೆ ಹತ್ತಿ ತುರುಕುವ ವಿದ್ಯೆ.

ಎರಡು, "ಪಿನಿಯನ್ ಒಂದೇ ಬದಲಿಸಿ, ಕ್ರೌನ್ ಇನ್ನೂ ಚೆನ್ನಾಗಿದೆ." ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿಸಿಕೊಂಡು ಜೋಡಿಯಾಗಿ ಬರುತ್ತವೆ. ಎರಡರ ಮೇಲೂ ಒಂದೇ ಜೋಡಿ ನಂಬರು ಕೆತ್ತಿರುತ್ತಾರೆ. ಒಂದರ ಹೊಸ ಹಲ್ಲಿಗೆ ಇನ್ನೊಂದರ ಸವೆದ ಹಲ್ಲು ಕಚ್ಚಿದರೆ ಎರಡೂ ಹಾಳು.

ಮೂರು, "ಬೇರೆ ಜೀಪಿನ ಹಳೇ ಸೆಟ್ ಇದೆ, ಅರ್ಧ ದುಡ್ಡಿಗೆ ಕೂರಿಸ್ತೀನಿ." ಇದು ಎಲ್ಲಕ್ಕಿಂತ ಅಪಾಯ. ಹಳೇ ಜೀಪುಗಳಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್‌ಗೆ 8 ಇರುವುದುಂಟು, ಅಂದರೆ 5.38. ಹಾಗೆಯೇ 39ಕ್ಕೆ 8, ಅಂದರೆ 4.88 ಇರುವುದೂ ಉಂಟು. ಹಿಂದೆ ಒಂದು, ಮುಂದೆ ಇನ್ನೊಂದು ಕೂರಿಸಿ ಫೋರ್‌ವೀಲ್ ಹಾಕಿದಿರೋ, ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ನೂರಕ್ಕೆ ಹತ್ತರಷ್ಟು ಜಗಳ. ಕೆಸರಿನಲ್ಲಿ ಚಕ್ರ ಜಾರಿ ಜಗಳ ತೀರುತ್ತದೆ. ಕಲ್ಲು ನೆಲದಲ್ಲಿ ಟ್ರಾನ್ಸ್‌ಫರ್ ಕೇಸಿನ ಹೊಟ್ಟೆಯಲ್ಲಿ ತೀರುತ್ತದೆ. ನಮ್ಮ ಏರಿನಲ್ಲಿ ಅದು ಮುರಿದರೆ ಕೆಳಗೆ ಕಂದಕ.

ಹಾಗಾಗಿ ಅಣ್ಣನಿಗೆ ಸಂಜೆ ಮತ್ತೆ ಫೋನು ಮಾಡಿದೆ. ಈ ಸಲ ತೀರ್ಪು ಕೊಡಲಿಲ್ಲ, ಪ್ರಶ್ನೆ ಕೇಳಿದೆ. ಆಕ್ಸಿಲರೇಟರ್ ಒತ್ತಿದಾಗ ಕೂಗುತ್ತದೋ, ಬಿಟ್ಟಾಗಲೋ? ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗುರ್ ಎಂದರೆ ಬೇರಿಂಗ್ ಇರಬಹುದು. ಗಾಡಿ ಎತ್ತುವಾಗ ಟಕ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸೂ ಇರಬಹುದು, ಅದು ಅಗ್ಗದ ಕೆಲಸ. ಆಯಿಲ್ ಇಳಿಸಿ ನೋಡಿದೆಯಾ? ಕಾಡಿಗೆಯಂಥ ನುಣ್ಣನೆ ಮಸಿ ಇದ್ದರೆ ಹೆದರಬೇಡ, ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಹೆದರು. ಹಾಲಿನಂತೆ ಬೆಳ್ಳಗಿದ್ದರೆ ಹಳ್ಳದ ನೀರು ಒಳಗೆ ಹೋಗಿದೆ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಚಕ್ರವನ್ನು ಎರಡು ಸುತ್ತು ತಿರುಗಿಸು. ಶಾಫ್ಟು ಎಷ್ಟು ಸುತ್ತು ತಿರುಗಿತೋ ಅದೇ ನಿನ್ನ ಲೆಕ್ಕ. ಉಳಿದ ಮೂರು ಚಕ್ರಕ್ಕೆ ಕಲ್ಲು ಕೊಡುವುದು ಮರೆಯಬೇಡ.

ಅಣ್ಣ ಮರುದಿನ ಹೇಳಿದ: ಚೂರು ಸಿಕ್ಕಿದೆ, ಹಲ್ಲಿನ ಅಂಚು ಒಡೆದಿದೆ, ಶಾಫ್ಟು ಐದು ಸುತ್ತು ದಾಟಿ ಮೂರನೇ ಒಂದು ಪಾಲು ಚಿಲ್ಲರೆ ತಿರುಗಿತು. ಅಂದರೆ 43ಕ್ಕೆ 8. ಇನ್ನೇನು ಬೇಕು? ಶನಿವಾರ ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಹೋಗಿ, ಸಿಎಸ್‌ಟಿ ರಸ್ತೆಯ ಸ್ಪೇರ್ ಅಂಗಡಿಗಳನ್ನು ಅಲೆದು, ಜೋಡಿ ನಂಬರು ಎರಡರ ಮೇಲೂ ನೋಡಿ, ಹಲ್ಲು ನಾನೇ ಎಣಿಸಿ ತಂದೆ. ಅಂಗಡಿಯವನು ನಕ್ಕ. ನಗಲಿ. ಹಿಂದಿನದು ಮಾತ್ರ. ಮುಂದಿನದು ಅದೇ ಲೆಕ್ಕದ್ದು, ಸದ್ದಿಲ್ಲದೆ ಇದೆ, ಅದನ್ನು ಮುಟ್ಟುವ ಅಗತ್ಯವಿಲ್ಲ.

ಕೂರಿಸುವ ಮೇಸ್ತ್ರಿಗೆ ಅಣ್ಣ ಹೇಳಬೇಕಾದ್ದು ಇಷ್ಟೇ. ಬೇರಿಂಗು, ಸೀಲು ಹೊಸತೇ ಹಾಕು. ಶಿಮ್ಮು ಅಂದಾಜಿಗೆ ಕೂರಿಸಬೇಡ. ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವ ತನಕ ಸರಿಮಾಡು. ಹೈಪಾಯ್ಡ್ ಗೇರಿಗೆ ಜಿಎಲ್-5 ಆಯಿಲನ್ನೇ ಹಾಕು, ಮೊದಲ ಐನೂರು ಕಿಲೋಮೀಟರು ಓಡಿದ ಮೇಲೆ ಒಮ್ಮೆ ಬದಲಿಸು. ಹೌಸಿಂಗಿನ ಗಾಳಿ ಕೊಳವೆ ಕಟ್ಟಿಕೊಂಡಿದ್ದರೆ ಬಿಡಿಸು, ಇಲ್ಲದಿದ್ದರೆ ಹೊಸ ಸೀಲೂ ಸೋರುತ್ತದೆ.

ನಮ್ಮಂಥವರಿಗೆ ಕೊನೆಯ ಮಾತು. ಊರು ಬಿಟ್ಟು ಇಪ್ಪತ್ತೈದು, ಮೂವತ್ತು ವರ್ಷವಾದ ನಾವು ಅಲ್ಲಿನ ಎಲ್ಲದಕ್ಕೂ ಇಲ್ಲಿಂದಲೇ ಬೆಲೆ ಕಟ್ಟುತ್ತೇವೆ. ಹಳೇ ಮನೆ ಕೆಡವು, ಹಸು ಮಾರು, ಜೀಪು ಗುಜರಿಗೆ ಹಾಕು! ಮಾತಿಗೆ ಖರ್ಚಿಲ್ಲ, ಮಳೆಯಲ್ಲಿ ನಾಲ್ಕು ಕಿಲೋಮೀಟರು ನಡೆಯುವವರು ನಾವಲ್ಲ. ಅಲ್ಲಿರುವವರು ಕೇಳಿದಾಗ ತೀರ್ಪು ಕೊಡುವ ಮೊದಲು ಹಲ್ಲು ಎಣಿಸಲು ಹೇಳಿ. ಆಮೇಲೆ ಅರ್ಧ ಖರ್ಚು ನನ್ನದು ಎನ್ನಿ. ಅಷ್ಟು ಹೇಳಲು ಆಗದಿದ್ದರೆ, ದಯವಿಟ್ಟು ಚಹಾ ಕುಡಿಯುತ್ತಾ ಸುಮ್ಮನಿರಿ.

ಹೊಸ ಕ್ರೌನ್-ಪಿನಿಯನ್ ನಾಳೆ ರಾತ್ರಿಯ ಬಸ್ಸಿಗೆ ಹೊರಡುತ್ತದೆ. ಅದರ ಜೊತೆ ನಾನೂ.