ಅಂಕಿತವಿಲ್ಲದ ಹಾಡುಗಳು

ನಮ್ಮ ದಾಸವರೇಣ್ಯರು ಹಾಡಿನ ಕೊನೆಯ ನುಡಿಯಲ್ಲಿ ತಮ್ಮ ಅಂಕಿತವನ್ನು ನೆಯ್ದಿಟ್ಟರು. ಭಕ್ತಿಯೇ ಅದರ ಉದ್ದೇಶವೆಂಬುದು ನಿಜ. ಆದರೂ ಶತಮಾನಗಳು ಉರುಳಿದ ಮೇಲೆ ಇಂದಿಗೂ ಹಾಡು ಯಾರದೆಂಬುದನ್ನು ಬಹುಮಟ್ಟಿಗೆ ಆ ಅಂಕಿತವೇ ಹೇಳುತ್ತದೆ. ವಚನಗಳ ಮಾತೂ ಅಂತೆಯೇ. ನವೋದಯದ ಕವಿ ಈ ರೂಢಿಯನ್ನು ಬಿಟ್ಟುಕೊಟ್ಟ. ಅವನ ಹೆಸರು ಪುಸ್ತಕದ ರಕ್ಷಾಪುಟದ ಮೇಲೆ ಉಳಿಯಿತು. ಹಾಡು ಮಾತ್ರ ಪುಸ್ತಕದಿಂದೆದ್ದು ಹೊರಟುಹೋಯಿತು. ಇಂದು ಭಾವಗೀತೆಯೊಂದನ್ನು ಕೇಳಿದವರಲ್ಲಿ ಹಾಡಿದವರ ಹೆಸರನ್ನು ಹತ್ತು ಮಂದಿ ಹೇಳಬಲ್ಲರು. ಬರೆದವರ ಹೆಸರನ್ನು ಹೇಳಬಲ್ಲವರು ಇಬ್ಬರೋ ಮೂವರೋ. ರಾಗ ಹಾಕಿದವರ ಹೆಸರಂತೂ ಕೇಳುವುದೇ ಬೇಡ.

ಈ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ಒಂದು ವಿಚಿತ್ರ ಉದ್ಯೋಗವನ್ನು ನಡೆಸುತ್ತಿದ್ದಾನೆ. ಚಲನಚಿತ್ರಕ್ಕೋ ಧಾರಾವಾಹಿಗೋ ಜಾಹೀರಾತಿಗೋ ಹಳೆಯ ಹಾಡೊಂದು ಬೇಕಾದವರಿಗೆ ಅದರ ಹಕ್ಕುದಾರರನ್ನು ಹುಡುಕಿ, ಪರವಾನಗಿಯನ್ನು ಬರೆಸಿಕೊಡುವುದು ಅವನ ಕೆಲಸ. ಒಂದು ಕೊಠಡಿ, ಇಬ್ಬರು ನೌಕರರು, ಗೋಡೆಯುದ್ದಕ್ಕೂ ಕಡತಗಳು. ಕನ್ನಡ ಎಂ.ಎ. ಓದಿದವನಿಗೆ ಇದೇನು ದಲ್ಲಾಳಿತನ ಎಂದು ಮೂಗು ಮುರಿಯುವವರುಂಟು. ನನಗಾದರೋ ಇದು ಗ್ರಂಥಸಂಪಾದನೆಗೆ ಹತ್ತಿರದ ಕೆಲಸವಾಗಿ ತೋರುತ್ತದೆ.

ಏಕೆಂದರೆ ಒಂದು ಹಾಡೆಂದರೆ ಒಂದು ಸ್ವತ್ತಲ್ಲ, ಮೂರು. ಸಾಹಿತ್ಯ ಒಬ್ಬರದು, ರಾಗಸಂಯೋಜನೆ ಮತ್ತೊಬ್ಬರದು, ಧ್ವನಿಮುದ್ರಣ ಇನ್ನೊಬ್ಬರದು. ಶಿಶುನಾಳ ಷರೀಫರ ತತ್ವಪದಗಳನ್ನೇ ತೆಗೆದುಕೊಳ್ಳಿ. ಷರೀಫರು ಕಾಲವಾದದ್ದು 1889ರಲ್ಲಿ. ಅವರ ಮಾತು ಎಂದೋ ಎಲ್ಲರ ಸ್ವತ್ತಾಗಿದೆ. ಆದರೆ ನಾಡು ಇಂದು ಗುನುಗುವುದು ಸಿ. ಅಶ್ವತ್ಥ್ ಅವರು ಕೂಡಿಸಿದ ಸ್ವರವನ್ನು. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ; ನಮ್ಮ ಕಾನೂನು ಕರ್ತೃವಿನ ಮರಣಾನಂತರ 60 ವರ್ಷ ಹಕ್ಕನ್ನು ಕಾಯುವುದರಿಂದ ಆ ಸ್ವರಕ್ಕೆ 2069ರ ಕೊನೆಯವರೆಗೂ ಒಡೆಯರುಂಟು. ಮುದ್ರಿಕೆಯ ಲೆಕ್ಕ ಅದು ಪ್ರಕಟವಾದ ವರ್ಷದಿಂದ ಬೇರೆಯಾಗಿ ನಡೆಯುತ್ತದೆ. ಹೊಸದಾಗಿ ಹಾಡಿಸಿಕೊಂಡರೆ ಹಳೆಯ ಮುದ್ರಿಕೆಯ ಒಡೆಯನನ್ನು ಕೇಳಬೇಕಿಲ್ಲ, ಸ್ವರದ ಒಡೆಯನನ್ನು ಕೇಳಲೇಬೇಕು. ಷರೀಫರ ಪದಕ್ಕೆ ಯಾರ ಅಪ್ಪಣೆ ಎಂದು ಕೇಳುವವರಿಗೆ ಇದನ್ನು ಬಿಡಿಸಿ ಹೇಳುವುದರಲ್ಲೇ ನನ್ನ ಶಿಷ್ಯನ ಅರ್ಧ ದಿನ ಕಳೆಯುತ್ತದಂತೆ. ಮಂಜೇಶ್ವರ ಗೋವಿಂದ ಪೈಗಳ ಕವಿತೆಗಳು 2024ರ ಆರಂಭದಿಂದ ಮುಕ್ತವಾಗಿವೆ. ಬೇಂದ್ರೆಯವರವು 2041ರವರೆಗೆ, ಕುವೆಂಪು ಅವರವು 2054ರವರೆಗೆ ಹಕ್ಕಿಗೆ ಒಳಪಟ್ಟಿವೆ. ಕವಿಗಳ ನಿಧನದ ವರ್ಷವನ್ನು ನಾವು ಪರೀಕ್ಷೆಗಾಗಿ ಮಾತ್ರ ಉರುಹೊಡೆಸುತ್ತೇವೆ. ಅದಕ್ಕೆ ಹೀಗೊಂದು ಲೌಕಿಕ ಪ್ರಯೋಜನವೂ ಇದೆ.

ಕಷ್ಟವಿರುವುದು ಒಡೆಯರನ್ನು ಹುಡುಕುವುದರಲ್ಲಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿಯಾಗಿ ಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳ ಯುಗವೇ ತೆರೆಯಿತು. ಆ ದಿನಗಳಲ್ಲಿ ಎಷ್ಟೋ ಕವಿಗಳು ಪೋಸ್ಟ್ ಕಾರ್ಡಿನಲ್ಲಿ ಎರಡು ಸಾಲಿನ ಒಪ್ಪಿಗೆ ಬರೆದುಕೊಟ್ಟು ತೃಪ್ತರಾದರು. ಅವಧಿಯನ್ನು ನಮೂದಿಸದ ಕರಾರು ಐದು ವರ್ಷಕ್ಕೆ ಮುಗಿಯುತ್ತದೆಂಬ ವಿಧಿ ಇಂದು ಕಾನೂನಿನಲ್ಲಿದೆ. ಆದರೆ ಅದು 1994ರ ತಿದ್ದುಪಡಿಯಿಂದ ಬಂದುದು. ಹಿಂದಿನ ಕರಾರುಗಳಿಗೆ ತಗಲುವುದಿಲ್ಲ. ಆದುದರಿಂದ ಆ ಕಾರ್ಡಿನ ಎರಡು ಸಾಲನ್ನೇ ಶಾಸನದಂತೆ ಓದಿ ಅರ್ಥಮಾಡಬೇಕು. ಕವಿ ಇಲ್ಲವಾದರೆ ಮಕ್ಕಳೆಲ್ಲರ ಸಹಿ ಬೇಕು. ಒಬ್ಬರು ಶಿವಮೊಗ್ಗದಲ್ಲಿ, ಒಬ್ಬರು ಅಮೆರಿಕೆಯಲ್ಲಿ. ಅಣ್ಣತಮ್ಮಂದಿರಲ್ಲಿ ಮಾತಿಲ್ಲದಿದ್ದರೆ ಕಡತ ಅಲ್ಲಿಗೇ ನಿಂತಿತು.

ಇಷ್ಟಾಗಿ ದೊರೆಯುವುದೆಷ್ಟು? ಒಂದು ಹಾಡಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅರ್ಧ ಮುದ್ರಿಕೆಯ ಒಡೆಯನಿಗೆ. ಉಳಿದ 5,000ದಲ್ಲಿ ನಡುವಿನವನ ಪಾಲು ಐದರಲ್ಲೊಂದಾದರೆ 1,000. ಮಿಕ್ಕ 4,000 ಕವಿಗೂ ಸಂಯೋಜಕನಿಗೂ ಸಮಪಾಲು. ಕವಿಗೆ ನಾಲ್ವರು ಮಕ್ಕಳಿದ್ದರೆ ತಲೆಗೆ 500. ಈ ಐನೂರಕ್ಕಾಗಿ ಮೂರು ತಿಂಗಳ ಪತ್ರವ್ಯವಹಾರ! ಕೇಳದೆ ಬಳಸಿಕೊಳ್ಳುವುದು ಎಷ್ಟು ಸುಲಭವೆಂದು ನಿರ್ಮಾಪಕರು ಬಲ್ಲರು. ಧಾರಾವಾಹಿಯವರೊಬ್ಬರು ಹಾಗೆ ಬಳಸಿಕೊಂಡು, ವಿಚಾರಿಸಿದಾಗ ‘ಕವಿಗಳಿಗೆ ಪ್ರಚಾರ ದೊರೆಯಿತಲ್ಲ’ ಎಂದರಂತೆ. ಕವಿಯ ಹೆಸರನ್ನು ಅವರು ತೆರೆಯ ಮೇಲೆ ಹಾಕಿಯೇ ಇರಲಿಲ್ಲ.

ಪಂಪನಿಗೆ ಅರಿಕೇಸರಿ ಅಗ್ರಹಾರವನ್ನಿತ್ತ. ಅಲ್ಲಿಗೆ ಲೆಕ್ಕ ತೀರಿತು. ಇಂದಿನ ಕವಿಗೆ ಅರಿಕೇಸರಿ ಇಲ್ಲ, ಕಾನೂನು ಇದೆ. ಅದೂ ಬಹುಕಾಲ ಅವನ ಕಡೆಗಿರಲಿಲ್ಲ. ಕೃತಿಸ್ವಾಮ್ಯದ ಕಾಯಿದೆ 1957ರದು. ಕವಿಗಳೂ ಸಂಯೋಜಕರೂ ಪ್ರಕಾಶಕರೂ ಸೇರಿದ ಐ.ಪಿ.ಆರ್.ಎಸ್. ಸಂಸ್ಥೆ 1969ರಲ್ಲಿ ಹುಟ್ಟಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ, ಹಣ ಕೊಟ್ಟು ಚಿತ್ರಕ್ಕಾಗಿ ಬರೆಸಿದ ಹಾಡಿಗೆ, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕನೇ ಒಡೆಯನೆಂದಿತು. ಚಿತ್ರಗೀತೆಯ ಕರ್ತೃವಿಗೆ ಬಿಟ್ಟುಕೊಡಲಾಗದ ರಾಯಲ್ಟಿಯ ಹಕ್ಕು ದೊರೆತದ್ದು 2012ರಲ್ಲಿ. ರಾಜ್ಯಸಭೆಯಲ್ಲಿ ಅದಕ್ಕಾಗಿ ವಾದಿಸಿದವರು ಜಾವೇದ್ ಅಖ್ತರ್. ಭಾವಗೀತೆಯ ಕವಿ ಯಾರೂ ಬರೆಸದೆ ತಾನೇ ಬರೆದವನಾದ್ದರಿಂದ ಮೊದಲಿನಿಂದಲೂ ಒಡೆಯನೇ. ಒಡೆತನವನ್ನು ಅವನು ಬಳಸಿದ್ದು ಕಡಮೆ. ಪರವಾನಗಿ ನೀಡುವ ವ್ಯಾಪಾರವನ್ನೂ ಕಾಯಿದೆಯ 33ನೆಯ ವಿಧಿ ನೋಂದಾಯಿತ ಸಂಘಗಳಿಗೆ ಮೀಸಲಿಟ್ಟಿದೆ; ಒಡೆಯನು ತನ್ನ ಕೃತಿಗೆ ತಾನೇ ಕೊಡಬಹುದು. ನನ್ನ ಶಿಷ್ಯ ಇದನ್ನರಿತು ತನ್ನ ಹೆಸರಿನಲ್ಲಿ ಒಂದು ಕಾಗದವನ್ನೂ ಬರೆಯುವುದಿಲ್ಲ. ಸಹಿ ಯಾವಾಗಲೂ ಹಕ್ಕುದಾರರದೇ. ವಾರಸುದಾರರನ್ನು ಸಂಘದ ಸದಸ್ಯರಾಗುವಂತೆ ಒಪ್ಪಿಸಲು ಅವನು ಊರೂರು ಅಲೆಯುತ್ತಾನೆ. ಅದರಿಂದ ಅವನಿಗೆ ಕಾಸೂ ಹುಟ್ಟುವುದಿಲ್ಲ.

ಸರಸ್ವತಿಗೆ ಬೆಲೆ ಕಟ್ಟುವುದೇ ಎಂಬ ಆಕ್ಷೇಪ ನನಗೆ ಒಪ್ಪಿಗೆಯಾಗದು. ಸಾಬೂನು ಮಾರಲು ಕವಿತೆ ಬೇಕಾದವನು ಸಾಬೂನಿಗೆ ಬೆಲೆ ಕಟ್ಟಿಯೇ ಇರುತ್ತಾನೆ. ಹಾಗೆಂದು ಹಾಡುವ ಪ್ರತಿಯೊಂದು ಕೊರಳಿಗೂ ಸುಂಕದ ಕಟ್ಟೆ ಹಾಕಬೇಕೆಂದಲ್ಲ. ಕಾಯಿದೆಯೂ ಹಾಗೆ ಹೇಳುವುದಿಲ್ಲ. ಮದುವೆಯ ಸಂಭ್ರಮಕ್ಕೆ, ಧಾರ್ಮಿಕ ಸಮಾರಂಭಕ್ಕೆ, ಹಣ ಕೇಳದೆ ಹಾಡುವ ಹವ್ಯಾಸಿ ಸಂಘಕ್ಕೆ ವಿನಾಯಿತಿಯುಂಟು. ಕೆಲವು ವಾರಸುದಾರರು ಇದನ್ನರಿಯದೆ ಊರಿನ ಗಾಯನ ಸಂಘಗಳನ್ನು ಬೆದರಿಸುವುದುಂಟು. ಅದರಿಂದ ಹಾನಿ ಕವಿಗೇ. ಹಾಡುವವರು ಆ ಹಾಡನ್ನೇ ಬಿಟ್ಟುಬಿಡುತ್ತಾರೆ.

ನಮಗೆ ತುರ್ತಾಗಿ ಬೇಕಾದುದು ಒಂದು ದಾಖಲೆ ಪುಸ್ತಕ. ಕೃತಿಸ್ವಾಮ್ಯದ ನೋಂದಣಿ ಐಚ್ಛಿಕವಾದ್ದರಿಂದ ಸರ್ಕಾರದ ಪಟ್ಟಿಯಲ್ಲಿ ನಮ್ಮ ಹಾಡುಗಳನ್ನು ಹುಡುಕುವುದು ವ್ಯರ್ಥ. 1915ರಿಂದ ನಡೆದುಬಂದ ಸಾಹಿತ್ಯ ಪರಿಷತ್ತು ಜಿಲ್ಲಾ ಘಟಕಗಳನ್ನು ಹೊಂದಿದೆ. ಕವಿತೆ, ಕವಿ, ಸಂಯೋಜಕ, ಈಗಿನ ವಾರಸುದಾರ, ವಿಳಾಸ ಎಂದು ಐದು ಕಾಲಮುಗಳ ಪಟ್ಟಿಯನ್ನು ಅದು ಏಕೆ ಸಿದ್ಧಪಡಿಸಬಾರದು? ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿದಾಗ ಧಾಟಿಯ ಬಗೆಗೆ ನಾಡಿನಲ್ಲೆಲ್ಲ ಚರ್ಚೆ ನಡೆಯಿತು. ಧಾಟಿಗೂ ಒಬ್ಬ ಕರ್ತೃವಿರುತ್ತಾನೆಂಬುದು ಅಂದು ಹಲವರಿಗೆ ಹೊಸ ವಿಷಯವಾಗಿತ್ತು.

ಅಧ್ಯಾಪಕರಿಗೆ ಒಂದು ಸೂಚನೆ. ವಿದ್ಯಾರ್ಥಿಗಳೂ ಅಧ್ಯಾಪಕರೂ ಪೋಷಕರ ಮುಂದೆ ಕಾಲೇಜಿನಲ್ಲಿ ಹಾಡಲು ಯಾರ ಅಪ್ಪಣೆಯೂ ಬೇಡ. ಅದನ್ನೇ ಚಿತ್ರೀಕರಿಸಿ ಅಂತರ್ಜಾಲಕ್ಕೆ ಏರಿಸಿದರೆ ಆ ವಿನಾಯಿತಿ ಜೊತೆಗೆ ಬರುವುದಿಲ್ಲ. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಕರಪತ್ರದಲ್ಲಿ ಈ ವರ್ಷ ಪ್ರತಿಯೊಂದು ಹಾಡಿನ ಮುಂದೆ ಕವಿಯ ಹೆಸರನ್ನೂ ಸಂಯೋಜಕರ ಹೆಸರನ್ನೂ ಅಚ್ಚು ಹಾಕಿಸಲು ಹೊರಟೆವು. ಹನ್ನೊಂದು ಹಾಡುಗಳಲ್ಲಿ ನಾಲ್ಕರ ಮುಂದೆ ಸಂಯೋಜಕರ ಸ್ಥಳ ಖಾಲಿಯಾಗಿಯೇ ಅಚ್ಚಿಗೆ ಹೋಯಿತು.