ಕಡಲ ಮರಳಿನ ಚಿನ್ನವೂ ಲೋಹಶೋಧಕ ಯಂತ್ರವೂ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಮಕ್ಕಳ ಓದನ್ನೋ ಬಿತ್ತನೆಯನ್ನೋ ಕಚೇರಿಯ ಅರ್ಜಿಗಳನ್ನೋ ಕುರಿತವು. ಈ ತಿಂಗಳು ನಾರಾಯಣಖೇಡದ ಕಡೆಯ ಹಿರಿಯ ವಾಚಕರೊಬ್ಬರು ಬರೆದಿರುವುದು ಬೇರೆ ಬಗೆಯ ಪತ್ರ. ಕಳೆದ ಬೇಸಗೆಯಲ್ಲಿ ಅವರ ಮನೆಯವರು ಗೋಕರ್ಣಕ್ಕೆ ಯಾತ್ರೆ ಹೋಗಿದ್ದಾಗ, ಸಮುದ್ರಸ್ನಾನದ ವೇಳೆ ತೆರೆಯ ಹೊಡೆತಕ್ಕೆ ಸೊಸೆಯ ತಾಳಿಸರ ಕಳಚಿ ಹೋಯಿತಂತೆ. ಈಗ ವ್ಯಾಪಾರಿಯೊಬ್ಬನು ಲೋಹಶೋಧಕ ಯಂತ್ರವೊಂದನ್ನು, ಎಂದರೆ ಜನರು ಮೆಟಲ್ ಡಿಟೆಕ್ಟರ್ ಎನ್ನುವುದನ್ನು, ಕೊಡಲು ಮುಂದೆ ಬಂದಿದ್ದಾನೆ. ಕಡಲಲ್ಲಿ ತಾಳಿಯನ್ನೂ ಹುಡುಕೀತು, ತರುವಾಯ ಊರ ಹೊಲದಲ್ಲಿ ಎರಡಾಳು ಆಳದ ನಿಧಿಯನ್ನೂ ತೋರೀತು ಎಂಬುದು ಅವನ ಭರವಸೆ. ಒಂದು ಜೊತೆ ಎತ್ತು ಮಾರಿ ಇದನ್ನು ಕೊಳ್ಳಬಹುದೆ, ಕೊಂಡರೆ ಯಾವ ಬಗೆಯದನ್ನು ಕೊಂಡು ಹೇಗೆ ಹೊಂದಿಸಿಕೊಳ್ಳಬೇಕು ಎಂದು ಪತ್ರಲೇಖಕರು ಕೇಳಿದ್ದಾರೆ.

ಎತ್ತುಗಳನ್ನು ಮಾರಬೇಡಿರಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಯಂತ್ರವೇ ಸುಳ್ಳೆಂದು ನಮ್ಮ ಅಭಿಪ್ರಾಯವಲ್ಲ. ಅದು ನಿಜವಾದ, ಬಹು ಉಪಯುಕ್ತವಾದ ಸಾಧನ. ಆದರೆ ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ಗಡಿ ಸ್ಪಷ್ಟವಾಗಿದೆ. ವ್ಯಾಪಾರಿಯ ಮಾತು ಆ ಗಡಿಯನ್ನು ದಾಟಿದೆ.

ಯಂತ್ರದ ಕೋಲಿನ ತುದಿಯಲ್ಲಿರುವ ಅಗಲವಾದ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ಕ್ಷಣಕ್ಕೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿದು ಸುತ್ತಲೂ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಅದರ ಎಲ್ಲೆಯೊಳಗೆ ಲೋಹವಿದ್ದರೆ ಆ ಲೋಹದೊಳಗೆ ನೀರಿನ ಸುಳಿಗಳಂತೆ ಕಿರಿದಾದ ವಿದ್ಯುತ್ತು ಸುತ್ತತೊಡಗಿ, ತನ್ನದೇ ಆದ ಕ್ಷೀಣ ಕಾಂತಕ್ಷೇತ್ರವನ್ನು ಮರಳಿ ಕಳುಹಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಗ್ರಹಿಸಿ ಸದ್ದು ಮಾಡುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ಲನು 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಹುದುಗಿದ್ದ ಗುಂಡನ್ನು ಹುಡುಕಲು ಈ ತತ್ತ್ವದ ಸಾಧನವನ್ನೇ ಬಳಸಿದನು. ಗುಂಡು ಸಿಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾಟ್ಸ್ಕಿ ಎಂಬ ಅಧಿಕಾರಿ ರೂಪಿಸಿದ ಕೈಯಂತ್ರವು 1942ರ ಎಲ್ ಅಲಮೀನ್ ಕಾಳಗದಲ್ಲಿ ಮರಳಿನೊಳಗಿನ ನೆಲಬಾಂಬುಗಳನ್ನು ಪತ್ತೆಮಾಡಲು ನೆರವಾಯಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ತಟ್ಟೆಯ ಅಗಲವನ್ನು ಮೀರಿದ ದೂರದಲ್ಲಿ ಸಣ್ಣ ವಸ್ತುವಿನಿಂದ ಮರಳಿ ಬರುವ ಸಂಕೇತ ಅತಿ ವೇಗವಾಗಿ ಕುಗ್ಗುತ್ತದೆ. ಆಳ ಎರಡರಷ್ಟಾದರೆ ಸಂಕೇತವು ಅರ್ಧವಾಗುವುದಿಲ್ಲ, ಸುಮಾರು 64ನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದಲೇ ಒಳ್ಳೆಯ ಯಂತ್ರವೂ ನಾಣ್ಯವೊಂದನ್ನು 20ರಿಂದ 30 ಸೆಂಟಿಮೀಟರ್ ಆಳದವರೆಗೆ, ಎಂದರೆ ಒಂದು ಗೇಣಿನಿಂದ ಒಂದೂವರೆ ಗೇಣಿನವರೆಗೆ, ಹೇಳಬಲ್ಲದು. ಉಂಗುರಕ್ಕೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಹಂಡೆ ಪೆಟ್ಟಿಗೆಗಳಂಥವನ್ನು ಒಂದೆರಡು ಮೀಟರಿನವರೆಗೂ ಗ್ರಹಿಸುವ ಬೇರೆ ರಚನೆಯ ಯಂತ್ರಗಳುಂಟು. ಆದರೆ ಅವು ಉಂಗುರದಂಥ ಸಣ್ಣ ವಸ್ತುವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಾಳಿಯನ್ನೂ ಎರಡಾಳು ಆಳದ ನಿಧಿಯನ್ನೂ ಒಂದೇ ಯಂತ್ರ ತೋರೀತೆಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಇನ್ನು ಆಯ್ಕೆಯ ವಿಚಾರ. ಯಂತ್ರವನ್ನು ಕೊಳ್ಳುವವರು ಚಿನ್ನವನ್ನು ಕುರಿತು ಕೇಳುತ್ತಾರೆ. ಕೇಳಬೇಕಾದುದು ನೆಲವನ್ನು ಕುರಿತು. ಯಂತ್ರಕ್ಕೆ ಲೋಹವೊಂದೇ ಕೇಳಿಸುವುದಿಲ್ಲ, ಮಣ್ಣೂ ಕೇಳಿಸುತ್ತದೆ. ನಮ್ಮ ಸೀಮೆಯನ್ನೇ ನೋಡಿರಿ. ಜಹೀರಾಬಾದಿನಿಂದ ಬೀದರಿನವರೆಗೆ ಹಬ್ಬಿರುವ ಎತ್ತರದ ನೆಲ ಲ್ಯಾಟರೈಟ್ ಎಂಬ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅದರ ಕೆಂಪೆಲ್ಲ ಕಬ್ಬಿಣದ ತುಕ್ಕಿನ ಕೆಂಪು. ನಾರಾಯಣಖೇಡದ ಎರೆಮಣ್ಣು ಕಪ್ಪುಶಿಲೆ ಸವೆದು ಆದದ್ದು; ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳುಂಟು. ತಾಂಡೂರಿನ ಫರಸಿಕಲ್ಲು ಸುಣ್ಣದ ಕಲ್ಲಾದುದರಿಂದ ಯಂತ್ರದ ಮಟ್ಟಿಗೆ ಸೌಮ್ಯ, ಅದರ ಮೇಲಣ ಎರೆ ಮಾತ್ರ ಹಾಗಲ್ಲ. ಶಾಲೆಯ ಪ್ರಯೋಗದ ಪೆಟ್ಟಿಗೆಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಕಾಗದ ಸುತ್ತಿ ಒಣಮಣ್ಣಿನ ಮೇಲೆ ಉರುಳಿಸಿರಿ. ಕಾಗದಕ್ಕೆ ಕಪ್ಪು ಹುಡಿ ಮೀಸೆಯಂತೆ ಹತ್ತಿಕೊಂಡರೆ ಆ ನೆಲದಲ್ಲಿ ಯಂತ್ರ ಗದ್ದಲ ಮಾಡುವುದೆಂದು ತಿಳಿಯಬೇಕು. ಮಕ್ಕಳಿಂದಲೇ ಮಾಡಿಸತಕ್ಕ ಪ್ರಯೋಗವಿದು.

ಕಡಲತೀರದ ತೊಡಕು ಬೇರೆ. ಅಲ್ಲಿಯ ಒಣಮರಳು ಸೌಮ್ಯ. ಪೇಟೆಯಲ್ಲಿ ಸಿಗುವ ಸಾಧಾರಣ, ಒಂದೇ ಆವರ್ತನದ ಯಂತ್ರವೂ ಸಾಕು. ತೆರೆ ತೋಯಿಸಿದ ಮರಳು ಮಾತ್ರ ಉಪ್ಪುನೀರಿನ ದೆಸೆಯಿಂದ ತಾನೇ ವಿದ್ಯುದ್ವಾಹಕವಾಗಿ, ಸಣ್ಣ ಚಿನ್ನದ ತುಣುಕಿನಂತೆಯೇ ಉತ್ತರ ಕೊಡುತ್ತದೆ. ಸಾಧಾರಣ ಯಂತ್ರ ಅಲ್ಲಿ ಹೆಜ್ಜೆಹೆಜ್ಜೆಗೂ ಅರಚುತ್ತದೆ. ಒದ್ದೆಮರಳಿಗೆ ಎರಡು ಬಗೆಗಳು ತಕ್ಕವು: ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ಕೆಲಸಮಾಡಿ ಉಪ್ಪಿನ ಉತ್ತರವನ್ನು ಬೇರ್ಪಡಿಸುವ ಯಂತ್ರ, ಇಲ್ಲವೆ ಪಲ್ಸ್ ಇಂಡಕ್ಷನ್ ಎಂಬ, ವಿದ್ಯುತ್ತನ್ನು ತಡೆತಡೆದು ಮಿಡಿಸುವ ಯಂತ್ರ. ಎರಡನೆಯದು ಉಪ್ಪಿಗೂ ಕೆಂಪುಮಣ್ಣಿಗೂ ಅಷ್ಟಾಗಿ ಜಗ್ಗದು, ಆಳಕ್ಕೂ ಹೋಗುತ್ತದೆ. ಆದರೆ ಚಿನ್ನವಾವುದು, ತುಕ್ಕು ಹಿಡಿದ ಮೊಳೆಯಾವುದು ಎಂದು ಹೇಳುವಲ್ಲಿ ದಡ್ಡ. ಕಂಡದ್ದನ್ನೆಲ್ಲ ಅಗೆಯುವ ತಾಳ್ಮೆ ಇದ್ದವರಿಗೆ ಮಾತ್ರ ಅದು. ಯಾವುದಾದರೂ ಸರಿ, ತಟ್ಟೆ ನೀರಿಗೆ ತಡೆಯುವುದಾಗಿರಬೇಕು. ತಟ್ಟೆ ತಡೆದರೂ ಮೇಲಿನ ಪೆಟ್ಟಿಗೆ ತಡೆಯದ ಯಂತ್ರಗಳು ಹಲವಿವೆ, ಇದನ್ನು ಕೇಳಿಯೇ ಕೊಳ್ಳಬೇಕು. ಗಾಳಿ ಅಲೆಗಳ ಮೊರೆತದಲ್ಲಿ ಸಣ್ಣ ಸದ್ದು ಕೇಳಿಸದಾದುದರಿಂದ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಅವಶ್ಯ.

ಹೊಂದಿಸುವ ಕ್ರಮ ಹೀಗೆ. ಮೊದಲು ಲೋಹವಿಲ್ಲದ ಒಂದು ತುಂಡು ಮರಳನ್ನು ಗೊತ್ತುಮಾಡಿಕೊಂಡು, ತಟ್ಟೆಯನ್ನು ಅದರ ಮೇಲೆ ಒಂದು ಗೇಣು ಎತ್ತರದಿಂದ ನೆಲ ಮುಟ್ಟುವಷ್ಟು ಸಮೀಪಕ್ಕೆ ಇಳಿಸುತ್ತ ಏರಿಸುತ್ತ, ನೆಲದ ಸದ್ದು ಅಡಗುವವರೆಗೆ ಗುಂಡಿಯನ್ನು ತಿರುಗಿಸಬೇಕು. ಇದಕ್ಕೆ ನೆಲದ ಹೊಂದಾಣಿಕೆ ಎನ್ನೋಣ. ಕೆಲವು ಯಂತ್ರಗಳು ಇದನ್ನು ತಾವೇ ಮಾಡಿಕೊಳ್ಳುತ್ತವೆ. ಒಣಮರಳಿನಿಂದ ಒದ್ದೆಮರಳಿಗೆ ಇಳಿದಾಗಲೆಲ್ಲ ಮತ್ತೆ ಹೊಂದಿಸಬೇಕು. ಎರಡನೆಯದಾಗಿ ಸೂಕ್ಷ್ಮತೆಯ ಗುಂಡಿ. ಅದನ್ನು ತುದಿಗೇರಿಸಿದರೆ ಹೆಚ್ಚು ಸಿಕ್ಕೀತೆಂಬುದು ಹೊಸಬರ ಆಸೆ. ಯಂತ್ರ ಸುಮ್ಮಸುಮ್ಮನೆ ಕಿರುಗುಟ್ಟುತ್ತಿದ್ದರೆ ಅದು ಶಾಂತವಾಗುವವರೆಗೆ ಇಳಿಸುವುದೇ ಸರಿ. ಗದ್ದಲದ ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗನ ಉತ್ತರ ಕೇಳಿಸುವುದುಂಟೆ!

ಮೂರನೆಯದು ವಿಂಗಡಣೆಯ ಗುಂಡಿ. ಇದರಲ್ಲಿಯೇ ಬಹುಮಂದಿ ಚಿನ್ನ ಕಳೆದುಕೊಳ್ಳುವುದು. ಬೇಡದ ಲೋಹಗಳಿಗೆ ಕಿವುಡಾಗುವಂತೆ ಯಂತ್ರವನ್ನು ಏರ್ಪಡಿಸಬಹುದು. ಕಬ್ಬಿಣವನ್ನಷ್ಟೇ ತಳ್ಳಿಹಾಕಿದರೆ ಹಾನಿ ಕಡಿಮೆ. ಆದರೆ ಸಿಗರೇಟು ಪೊಟ್ಟಣದ ಬೇಗಡೆ, ತಂಪು ಪಾನೀಯದ ಡಬ್ಬಿಯ ಕಿವಿ ಇವುಗಳ ಕಾಟ ತಾಳಲಾರದೆ ಅವನ್ನೂ ತಳ್ಳಿದರೆ ಸಣ್ಣ ಉಂಗುರ, ಓಲೆ, ಮೂಗುಬೊಟ್ಟುಗಳೂ ಅವುಗಳೊಡನೆಯೇ ಹೋಗುತ್ತವೆ. ಏಕೆಂದರೆ ಯಂತ್ರದ ಕಿವಿಗೆ ಇವೆಲ್ಲ ಒಂದೇ ಸ್ವರದವು. ಬೆಳ್ಳಿ ಮಾತ್ರ ಮೇಲಿನ ಸ್ವರದಲ್ಲಿ ಬೇರೆಯಾಗಿ ನುಡಿಯುತ್ತದೆ. ಚಿನ್ನ ಹುಡುಕುವವನು ಬೇಗಡೆಯನ್ನೂ ಅಗೆಯಲೇಬೇಕು, ಬೇರೆ ದಾರಿಯಿಲ್ಲ.

ತಾಳಿಸರದ ಸಂಗತಿ ಇನ್ನೂ ಕಠಿಣ. ಸರವೆಂದರೆ ನಮಗೆ ಒಂದು ವಸ್ತು. ಯಂತ್ರಕ್ಕೆ ಅದು ನೂರಾರು ಬಿಡಿಬಿಡಿ ಕೊಂಡಿಗಳು. ಒಂದೊಂದು ಕೊಂಡಿಯಲ್ಲೂ ಸುತ್ತುವ ವಿದ್ಯುತ್ತು ಅತ್ಯಲ್ಪವಾದುದರಿಂದ ಎರಡು ತೊಲೆಯ ಸರಕ್ಕಿಂತ ಎರಡು ಮಾಸಿಯ ಉಂಗುರ ಸ್ಪಷ್ಟವಾಗಿ ನುಡಿಯುವುದುಂಟು. ಕರಿಮಣಿ ಗಾಜಾದುದರಿಂದ ನುಡಿಯುವುದೇ ಇಲ್ಲ. ಯಂತ್ರಕ್ಕೆ ಕೇಳಿಸುವುದೇನಿದ್ದರೂ ತಾಳಿಯ ಬಿಲ್ಲೆ, ಗುಂಡುಗಳು, ಸರದ ಕೊಕ್ಕೆ ಇವಿಷ್ಟೆ. ಆದುದರಿಂದ ಸರ ಹುಡುಕುವವರು ತಟ್ಟೆಯನ್ನು ನೆಲಕ್ಕೆ ಸಮಾಂತರವಾಗಿ, ಬಹು ನಿಧಾನವಾಗಿ, ಹಿಂದಿನ ಸಾಲನ್ನು ಅರ್ಧ ಮುಚ್ಚುವಂತೆ ಆಡಿಸಬೇಕು. ಹಗ್ಗ ಕಟ್ಟಿ ಚೌಕಗಳನ್ನು ಮಾಡಿಕೊಂಡರೆ ಬಿಟ್ಟ ಜಾಗ ಉಳಿಯದು. ಸದ್ದು ಬಂದಲ್ಲಿ ಕೈಯಿಂದ ಮರಳು ಕೆದಕುವಾಗ ಬಳೆ ಉಂಗುರ ಗಡಿಯಾರಗಳನ್ನು ತೆಗೆದಿಡಬೇಕು, ಇಲ್ಲವಾದರೆ ಯಂತ್ರ ನಿಮ್ಮ ಕೈಯನ್ನೇ ನಿಧಿಯೆಂದು ಸಾರುತ್ತದೆ. ಒಂದು ಪ್ಲಾಸ್ಟಿಕ್ ಜರಡಿ ಜೊತೆಗಿರಲಿ. ಕೆಲಸ ಮುಗಿದ ಮೇಲೆ ತಟ್ಟೆಯನ್ನೂ ಕೋಲನ್ನೂ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಯಂತ್ರವನ್ನೇ ತಿಂದುಬಿಡುತ್ತದೆ.

ಇಷ್ಟಾದರೂ ಪತ್ರಲೇಖಕರಿಗೆ ಒಂದು ಕಹಿಮಾತನ್ನು ಹೇಳದೆ ವಿಧಿಯಿಲ್ಲ. ಇಪ್ಪತ್ತೆರಡು ಕ್ಯಾರೆಟ್ ಚಿನ್ನದ ತೂಕ ಅದೇ ಗಾತ್ರದ ಮರಳುಕಣಗಳಿಗಿಂತ ಆರೇಳು ಪಟ್ಟು. ತೆರೆ ಕಲಕುವ ಮರಳಿನಲ್ಲಿ ಅದು ತೇಲದು, ಕೆಳಕೆಳಕ್ಕೆ ಇಳಿಯುತ್ತದೆ. ಅದರ ಮೇಲೆ ಒಂದು ಮಳೆಗಾಲ ಕಳೆದಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಸಮುದ್ರವು ತೀರದ ಮರಳನ್ನು ಕೊಚ್ಚಿ ಒಯ್ದು ಆಮೇಲೆ ಬೇರೆ ಮರಳನ್ನು ತಂದು ಹಾಸುತ್ತದೆ. ಆ ತಾಳಿ ಸಿಗುವುದೆಂಬ ಆಸೆಯನ್ನು ಬಿಡುವುದೇ ಒಳಿತೆಂದು ನಮ್ಮ ತಿಳಿವಳಿಕೆ. ಪತ್ರದಲ್ಲಿ ಇನ್ನೊಂದು ಮಾತಿದೆ: ಸೊಸೆ ಅಂದಿನಿಂದ ಅಪಶಕುನವೆಂದು ಮಂಕಾಗಿದ್ದಾಳೆ, ಮನೆಯಲ್ಲಿ ಹಿರಿಯ ಹೆಂಗಸರು ಮಾತಾಡಿಕೊಳ್ಳುತ್ತಾರೆ ಎಂದು. ಯಂತ್ರಕ್ಕಿಂತ ಈ ಮಾತು ನಮ್ಮ ಮನಸ್ಸಿಗೆ ಹೆಚ್ಚು ನಾಟಿತು. ಕೊಕ್ಕೆ ಸವೆದಿತ್ತು, ತೆರೆ ಬಲವಾಗಿತ್ತು, ಸರ ಹೋಯಿತು. ಇದರಲ್ಲಿ ಆ ಮಗುವಿನ ದೋಷವಾವುದು? ಯಂತ್ರದ ಹಣದಲ್ಲಿ ಒಂದು ಸಣ್ಣ ಪಾಲಿಗೆ ಹೊಸ ಬಿಲ್ಲೆಯನ್ನು ಮಾಡಿಸಿ, ಅರಿಸಿನದ ದಾರದಲ್ಲಿಯಾದರೂ ಸರಿ, ಅತ್ತೆಯವರೇ ಮುಂದೆ ನಿಂತು ಕಟ್ಟಿಸಲಿ.

ಮುಂದೆ ಯಾತ್ರೆ ಹೋಗುವವರು ನೆನಪಿಡತಕ್ಕದ್ದು: ಒಡವೆ ಕಳೆದ ಕೂಡಲೆ ಒಬ್ಬರು ಆ ಸ್ಥಳದಲ್ಲೇ ನಿಂತಿರಬೇಕು. ಇನ್ನೊಬ್ಬರು ದಡದ ಮೇಲಿನ ಎರಡು ಗುರುತುಗಳನ್ನು, ಗುಡಿಯ ಶಿಖರವನ್ನೋ ತೆಂಗಿನ ಮರವನ್ನೋ, ನೇರಕ್ಕೆ ಹಿಡಿದು ಬರೆದುಕೊಳ್ಳಬೇಕು. ಸಮುದ್ರ ದಿನಕ್ಕೆ ಎರಡು ಸಲ ಇಳಿಯುತ್ತದೆ, ಪ್ರತಿ ಇಳಿತಕ್ಕೂ ಸುಮಾರು ಹನ್ನೆರಡೂವರೆ ಗಂಟೆಯ ಅಂತರ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ದೂರ ಹಿಂದೆ ಸರಿಯುತ್ತದೆ. ಆ ಮೊದಲ ಇಳಿತದಲ್ಲಿ ಯಂತ್ರವುಳ್ಳವರು ಯಾರಾದರೂ ದೊರೆತರೆ ನಿಜವಾದ ಆಸೆಗೆ ಎಡೆಯುಂಟು. ಸ್ಥಳೀಯ ಪೊಲೀಸರಿಗೆ ತಿಳಿಸಿಯೇ ಹುಡುಕುವುದು ಲೇಸು.

ನಿಧಿಯ ಮಾತಿಗೆ ಬರೋಣ, ಏಕೆಂದರೆ ಎತ್ತು ಮಾರಿಸುವುದು ತಾಳಿಯಲ್ಲ, ನಿಧಿ. ಮೈಲಿ ದೂರದಿಂದ ಚಿನ್ನ ತೋರುವುದೆಂದು, ಹಿಡಿಗೆ ಆಂಟೆನಾ ಸಿಕ್ಕಿಸಿದ ಸಾಧನಗಳನ್ನು ಮಾರುವವರಿದ್ದಾರೆ. ಇಂಥದೇ ಒಂದನ್ನು ಬಾಂಬು ಪತ್ತೆಮಾಡುವ ಯಂತ್ರವೆಂದು ಇರಾಕಿನ ಸರಕಾರಕ್ಕೇ ಮಾರಿದ ಮೆಕಾರ್ಮಿಕ್ ಎಂಬ ಇಂಗ್ಲೆಂಡಿನ ವ್ಯಾಪಾರಿಗೆ 2013ರಲ್ಲಿ ಹತ್ತು ವರ್ಷಗಳ ಶಿಕ್ಷೆಯಾಯಿತು. ಅದರ ಮೂಲ ಗಾಲ್ಫ್ ಚೆಂಡು ಹುಡುಕುವ ಆಟದ ಸಾಮಾನು! ಸರಕಾರಗಳೇ ಮೋಸಹೋದ ಮೇಲೆ ಹಳ್ಳಿಯ ರೈತನು ಮೋಸಹೋಗುವುದು ಆಶ್ಚರ್ಯವಲ್ಲ.

ಒಂದು ವೇಳೆ ಉಳುವಾಗಲೋ ಪಾಯ ತೆಗೆಯುವಾಗಲೋ ನಿಜವಾಗಿಯೇ ಏನಾದರೂ ಸಿಕ್ಕಿದರೆ, ಬಚ್ಚಿಡುವುದು ಅಪರಾಧ. 1878ರ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ದೊರೆತರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ವಿಧಿಸಿತು. ಕರ್ನಾಟಕವು 1962ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ನಮ್ಮ ಕಡೆಯವರು ಲಿಖಿತ ಅರ್ಜಿ ಕೊಟ್ಟು ಅದಕ್ಕೆ ರಸೀದಿ ಪಡೆಯಬೇಕು. ರಕ್ಷಿತ ಸ್ಮಾರಕಗಳ ಆವರಣದಲ್ಲಂತೂ ಅನುಮತಿಯಿಲ್ಲದೆ ಅಗೆಯುವುದನ್ನೇ 1958ರ ಕಾಯಿದೆ ನಿಷೇಧಿಸಿದೆ. ನಿಧಿಯ ಆಸೆಯಿಂದ ನಂದಿಯ ಪೀಠ ಕೀಳುವವರೂ ವೀರಗಲ್ಲು ಉರುಳಿಸುವವರೂ ಕದಿಯುವುದು ಚಿನ್ನವನ್ನಲ್ಲ, ಊರಿನ ಚರಿತ್ರೆಯನ್ನು. ಸಂಗಾರೆಡ್ಡಿಗೆ ಸಮೀಪದ ಕೊಂಡಾಪುರದ ದಿಬ್ಬವನ್ನು 1940ರ ದಶಕದ ಆರಂಭದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ ಪದರಪದರವಾಗಿ ಅಗೆದು ಸಾತವಾಹನರ ಕಾಲದ ನಾಣ್ಯಗಳನ್ನೂ ಮಣಿಗಳನ್ನೂ ಮಡಕೆಗಳನ್ನೂ ತೆಗೆಯಿತು. ಯಾರೋ ರಾತ್ರಿ ಗುಂಡಿ ತೋಡಿ ಒಯ್ದಿದ್ದರೆ ಅವು ಅಕ್ಕಸಾಲೆಯ ಮೂಸೆಗೆ ಬೀಳುತ್ತಿದ್ದವು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡ ಬೀಡನ್ ಎಂಬಾತ ಚಿನ್ನದ ಗಣಿಯ ಎಂಜಿನಿಯರು. ಅವನು ಕಂಡ ಆ ಬಂಡೆ ಇಂದಿಗೂ ಸ್ಥಳದಲ್ಲೇ ಇದೆ.

ಕೊನೆಗೆ, ಆ ವ್ಯಾಪಾರಿಯನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳುತ್ತೇವೆ. ಮುಂಗಡ ಕೊಡಬೇಡಿರಿ. ನಿಮ್ಮ ಹೊಲಕ್ಕೇ ಕರೆಯಿಸಿರಿ. ಅವನು ಬರುವ ಮುನ್ನ ಒಂದು ಉಂಗುರವನ್ನು ಅರ್ಧ ಗೇಣು ಆಳದಲ್ಲೂ ಇನ್ನೊಂದನ್ನು ಒಂದು ಮೊಳ ಆಳದಲ್ಲೂ ಹೂತು, ಮೂರನೆಯ ಕಡೆ ಬರಿಯ ಗುಂಡಿ ತೋಡಿ ಮುಚ್ಚಿ, ಮೂರರ ಮೇಲೂ ಒಂದೇ ರೀತಿ ಮಣ್ಣು ಸವರಿರಿ. ಗುರುತು ನಿಮ್ಮೊಬ್ಬರಿಗೇ ಗೊತ್ತಿರಲಿ. ಮೊದಲನೆಯದನ್ನು ಹೇಳಿದರೆ ಯಂತ್ರ ನಿಜವಾದದ್ದು. ಒಂದು ಮೊಳದ್ದನ್ನು ಹೇಳಲಾಗದಿದ್ದರೆ ಎರಡಾಳಿನ ಮಾತು ಸುಳ್ಳು. ಬರಿಗುಂಡಿಯ ಮೇಲೆ ನಿಂತು ಚಿನ್ನವಿದೆ ಎಂದರೆ ಏನು ಮಾಡಬೇಕೆಂಬುದನ್ನು ನಿಮ್ಮ ಊರವರಿಗೆ ನಾವು ಹೇಳಬೇಕಾಗಿಲ್ಲ. ಅವನು ಬಂದರೆ ಏನಾಯಿತೆಂದು ನಮಗೆ ಬರೆಯಿರಿ. ಬಾರದಿದ್ದರೂ ಬರೆಯಿರಿ.